ಎಡಗಡೆ ಮುಂಚಕ್ರದ ಸದ್ದು

ಮಾರ್ಚ್ ೩

ಪ್ರೀತಿಯ ಅಣ್ಣನಿಗೆ,

ನಾನು, ಪುಟ್ಟಿ, ನೀನು ರಿಪೇರಿ ಮಾಡಿಕೊಟ್ಟ ಮುದುಕಿ ಕಾರು, ಮೂವರೂ ಇಲ್ಲಿಗೆ ಬಂದು ಹದಿನೆಂಟು ದಿನವಾಯಿತು. ಮೂವರಲ್ಲಿ ಇಬ್ಬರು ಚೆನ್ನಾಗಿದ್ದೇವೆ. ಮೂರನೆಯವಳ ವಿಷಯಕ್ಕೇ ಈ ಕಾಗದ.

ಫೋನಿನಲ್ಲೇ ಹೇಳೋಣವೆಂದು ವರ್ಕ್‌ಶಾಪಿಗೆ ಎರಡು ಸಲ ಮಾಡಿ ನಿನ್ನನ್ನು ಕರೆಸಿದೆ. ನೀನು "ಹ್ಞಾಂ, ಆಯ್ತು ಆಯ್ತು, ಕಾಗದ ಬರಿ" ಎಂದು ಇಟ್ಟುಬಿಟ್ಟೆ. ಪುಟ್ಟಿಗೆ ಜ್ವರ ಎಂದರೆ "ಒಳ್ಳೇದಾಯ್ತು ಬಿಡು" ಎಂದೆ! ಅಷ್ಟು ಅವಸರವೇನಪ್ಪಾ ನಿನಗೆ? ಜ್ವರ ಬಿಟ್ಟಿದೆ. ಹೊಸ ಶಾಲೆಗೆ ಹೋಗುತ್ತಿದ್ದಾಳೆ. ಮುಂದಿನ ಸೀಟಿನಲ್ಲಿ ನನ್ನ ಎಡಕ್ಕೆ ಕೂತು ಇಡೀ ದಾರಿ ಮಾತಾಡುತ್ತಾಳೆ.

ಆಸ್ಪತ್ರೆ ಸಣ್ಣದು, ಹತ್ತು ಹಾಸಿಗೆಯದು. ಹೆರಿಗೆಯೇ ಮುಖ್ಯ ಕೆಲಸ. ಗುಡ್ಡದ ಮೇಲಿನ ಮನೆಗಳಿಂದ ಬಸುರಿಯರನ್ನು ಕರೆತರಬೇಕು. ಆಸ್ಪತ್ರೆಯ ವ್ಯಾನು ವರ್ಷದಲ್ಲಿ ಅರ್ಧದಷ್ಟು ದಿನ ಕೆಟ್ಟು ನಿಂತಿರುತ್ತದಂತೆ. ಸ್ವಂತ ಕಾರಿರುವ ನರ್ಸ್ ಬೇಕು ಎಂದು ಅವರು ಕೇಳಿದ್ದು ಯಾಕೆಂದು ಈಗ ತಿಳಿಯಿತು. ಮೇಲೆ ಹೋಗುವ ದಾರಿಯಲ್ಲಿ ಹತ್ತೊಂಬತ್ತು ತಿರುವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಲ್ಲು ತೆಗೆದು ಬಿಟ್ಟ ಆಳವಾದ ಗುಂಡಿ. ನಡುವೆ ತಡೆಗೋಡೆ ಇಲ್ಲ, ಸುಣ್ಣ ಬಳಿದ ಕಲ್ಲುಗಳಿವೆ ಅಷ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಎಡಗಡೆ ಮುಂಚಕ್ರದ ಹತ್ತಿರ ಒಂದು ಸದ್ದು ಬರುತ್ತದೆ. ಹಂಪ್ ಹತ್ತಿ ಇಳಿಯುವಾಗ 'ಟಕ್' ಎನ್ನುತ್ತದೆ. ಒಂದೇ ಸಲ. ನೇರ ರಸ್ತೆಯಲ್ಲಿ ಮುದುಕಿಯ ಬಾಯಿ ಬಂದ್. ಯಾರಿಗಾದರೂ ತೋರಿಸೋಣವೆಂದರೆ ಇಲ್ಲಿರುವುದು ಒಂದು ಪಂಕ್ಚರ್ ಅಂಗಡಿ ಮಾತ್ರ.

ಪುಟ್ಟಿಯ ಅಪ್ಪ ಹೋದ ಮೇಲೆ ಇನ್ನು ಹೆದರುವುದಕ್ಕೇನು ಉಳಿದಿದೆ ಅಂದುಕೊಂಡಿದ್ದೆ. ಈ ಪುಟ್ಟ 'ಟಕ್'ಗೆ ಹೆದರುತ್ತಿದ್ದೇನೆ ಅಣ್ಣ. ನಗಬೇಡ.

ನಿನ್ನ ಕಾಗದದ ದಾರಿ ಕಾಯುತ್ತಿರುವ,
ತಂಗಿ


ಮಾರ್ಚ್ ೯

ತಂಗೀ,

ನಕ್ಕೆ. ಇಪ್ಪತ್ತೆರಡು ವರ್ಷದ ಕಾರು ಒಂದು ಟಕ್ ಎಂದಿದ್ದಕ್ಕೆ ನಾಲ್ಕು ಪುಟ ಬರೆದವಳು ನೀನೊಬ್ಬಳೇ ಇರಬೇಕು. ನನಗೂ ಬೆಳಗ್ಗೆ ಎದ್ದರೆ ಮಂಡಿ ಟಕ್ ಅನ್ನುತ್ತದೆ. ಯಾರಿಗೂ ಕಾಗದ ಬರೆದಿಲ್ಲ.

ಇರಲಿ, ಕೆಲಸಕ್ಕೆ ಬಾ. ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡು. ಜಾಕಿ, ಪಾನಾ, ಸ್ಟೆಪ್ನಿ, ಪುಟ್ಟಿಯ ಆಟದ ಸಾಮಾನು, ಎಲ್ಲ ಹೊರಗೆ ಹಾಕು. ನನ್ನ ಹತ್ತಿರ ಬರುವ ಹತ್ತು ಸದ್ದಿನಲ್ಲಿ ನಾಲ್ಕು ಡಿಕ್ಕಿಯಲ್ಲಿ ಉರುಳಾಡುವ ಜಾಕಿಯದ್ದೇ. ಮುಂದಿನ ಸದ್ದು ಹಿಂದಿನಿಂದ ಬಂದ ಹಾಗೆ, ಹಿಂದಿನದು ಮುಂದಿನಿಂದ ಬಂದ ಹಾಗೆ ಕೇಳಿಸುತ್ತದೆ. ತಗಡಿನ ಡಬ್ಬಿಯೊಳಗೆ ಕೂತಿರುತ್ತೀಯ ನೋಡು, ಅದು ದಾರಿ ತಪ್ಪಿಸುತ್ತದೆ.

ಆಮೇಲೆ ಕಾರು ನಿಲ್ಲಿಸಿ ಎಡಗಡೆ ಬಾನೆಟ್ ಮೇಲೆ ಎರಡೂ ಕೈಯಿಟ್ಟು ಒತ್ತಿ ಬಿಡು. ಒಂದು ಸಲ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿಯಿದೆ. ತೊಟ್ಟಿಲಿನ ಹಾಗೆ ಆಡಿದರೆ ಅದು ಸತ್ತಿದೆ. ಮೂರನೆಯದು, ಕಿಟಕಿ ಇಳಿಸಿ, ನಡೆಯುವಷ್ಟು ನಿಧಾನಕ್ಕೆ ಹಂಪ್ ಹತ್ತಿಸು. ಮುಂಚಕ್ರ ಹತ್ತುವಾಗ ಬರುತ್ತದೋ ಇಳಿಯುವಾಗಲೋ ಗಮನಿಸು. ಸ್ಟೀರಿಂಗ್ ತಿರುಗಿಸಿಕೊಂಡು ಹತ್ತಿಸಿದರೆ ಬದಲಾಗುತ್ತದೋ ನೋಡು.

ಸದ್ದನ್ನು ಇದ್ದ ಹಾಗೇ ಬರೆ. ಟಕ್ ಬೇರೆ, ಟೊಕ್ ಬೇರೆ. ಟಕ್ ಅಂದರೆ ಕಬ್ಬಿಣಕ್ಕೆ ಕಬ್ಬಿಣ. ಟೊಕ್ ಅಂದರೆ ನಡುವೆ ಸವೆದ ರಬ್ಬರ್ ಇದೆ. ಲೊಟಲೊಟ ಅಂದರೆ ಲಿಂಕ್ ರಾಡ್. ಕಿರ್ರ್ ಅಂದರೆ ಬುಷ್ ಒಣಗಿದೆ. ಮೂವತ್ತನಾಲ್ಕು ವರ್ಷ ಇದೇ ಅಕ್ಷರಮಾಲೆ ಓದಿದ್ದೇನೆ. ವರ್ಕ್‌ಶಾಪಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು 'ಕಿವಿ'. "ಕಿವಿ ಕೇಳಿ ಆಯ್ತಾ?" ಅನ್ನುವವರೆಗೂ ಒಂದು ಗಾಡಿಯೂ ಗೇಟು ದಾಟುವುದಿಲ್ಲ.

ಬಾಲ್ ಜಾಯಿಂಟ್ ಎರಡೂ ನಾನೇ ಕೈಯಾರೆ ಹೊಸದು ಹಾಕಿದ್ದೇನೆ. ಅದರ ಬಗ್ಗೆ ಯೋಚನೆ ಬೇಡ. ಫೋನ್ ಮಾಡಬೇಡ, ಲೈನು ಸರಿಯಿಲ್ಲ.

ಪುಟ್ಟಿಯ ಕೆನ್ನೆಗೊಂದು ಮುತ್ತು ಕಳಿಸಿರುವ,
ಅವಳ ಮಾವ


ಮಾರ್ಚ್ ೨೦

ಅಣ್ಣ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಡಿಕ್ಕಿಯಲ್ಲಿ ಜಾಕಿ, ಪಾನಾ, ಒಂಟಿ ಚಪ್ಪಲಿ ಮತ್ತು ಹೋದ ವರ್ಷ ಕಳೆದುಹೋಗಿದೆ ಎಂದು ಪುಟ್ಟಿಗೆ ಹೊಡೆದಿದ್ದೆನಲ್ಲ, ಆ ಲೆಕ್ಕದ ಪುಸ್ತಕ ಸಿಕ್ಕಿತು. ಅವಳಿಗೆ ಕ್ಷಮೆ ಕೇಳಿದೆ. ಡಿಕ್ಕಿ ಖಾಲಿಯಾಯಿತು, ಸದ್ದು ಹೋಗಲಿಲ್ಲ.

ಬಾನೆಟ್ ಒತ್ತಿ ಬಿಟ್ಟೆ. ಒಂದೇ ಸಲ ಎದ್ದು ನಿಂತಿತು. ಆಸ್ಪತ್ರೆ ಮುಂದಿನ ಹಂಪನ್ನು ಹನ್ನೊಂದು ಸಲ ಹತ್ತಿಳಿದೆ, ಪುಟ್ಟಿ ರಸ್ತೆ ಬದಿಯಲ್ಲಿ ಕೂತು ಎಣಿಸಿದಳು. ಅಡುಗೆಮನೆಯಾಕೆ ಹೊರಗೆ ಬಂದು "ಏನ್ ಸಿಸ್ಟರ್, ಕಾರ್ ಕಲೀತಿದ್ದೀರಾ?" ಎಂದು ಕೇಳಿದರು. "ಇಲ್ಲ, ಕಾರೇ ನನಗೆ ಕಲಿಸ್ತಿದೆ" ಅಂದೆ.

ಬರೆದುಕೊಂಡದ್ದು ಇಷ್ಟು. ಹತ್ತುವಾಗ ಸದ್ದಿಲ್ಲ. ಇಳಿಯುವಾಗ ಟಕ್. ಅದು ಟಕ್ಕೇ, ಟೊಕ್ ಅಲ್ಲ. ಬಲಕ್ಕೆ ತಿರುಗಿಸಿಕೊಂಡು ಇಳಿದರೆ ಬೇರೆ ಥರ, 'ಕೊಟಕ್' ಎಂದು ಎರಡು ತುಂಡಾಗಿ ಬರುತ್ತದೆ. ಪುಟ್ಟಿಯನ್ನು ಕೇಳಿದೆ. "ಕಾರು ನಟಿಕೆ ಮುರೀತಿದೆ ಅಮ್ಮ" ಅಂದಳು. ಅವಳು ಹೇಳಿದ್ದೇ ಸರಿ ಅನಿಸಿತು. ಆಮೇಲೆ ಪ್ರತಿ ಸಲ ಸದ್ದಾದಾಗಲೂ ನನಗೆ ಯಾರೋ ಬೆರಳು ಮುರಿದ ಹಾಗೇ ಆಗುತ್ತಿದೆ.

ಮೊನ್ನೆ ಮೇಲಿನಿಂದ ತುಂಬು ಬಸುರಿಯೊಬ್ಬಳನ್ನು ಕರೆತರುತ್ತಿದ್ದೆ. ಹತ್ತೊಂಬತ್ತು ತಿರುವಿನಲ್ಲಿ ಒಂಬತ್ತು ಬಲಕ್ಕೆ. ಒಂಬತ್ತರಲ್ಲೂ ಕೊಟಕ್. ನಾಲ್ಕನೆಯದಕ್ಕೆ ಆ ಹುಡುಗಿ "ಏನದು ಸಿಸ್ಟರ್?" ಎಂದಳು. "ಏನಿಲ್ಲಮ್ಮ, ಹಳೇ ಕಾರು, ಕೀಲುನೋವು" ಎಂದು ನಗಿಸಿದೆ. ಕೆಳಗೆ ಬಂದು ಅವಳನ್ನು ಇಳಿಸಿದ ಮೇಲೆ ಸ್ಟೀರಿಂಗಿನಿಂದ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ.

ಪಂಕ್ಚರ್ ಅಂಗಡಿಯವನಿಗೆ ತೋರಿಸಿದೆ. ಚಕ್ರ ಎತ್ತಿ ಅಲ್ಲಾಡಿಸಿದ. ಗಟ್ಟಿಯಾಗಿದೆ ಎಂದ. "ಲಿಂಕ್ ರಾಡ್ ಇರ್ಬೇಕು, ಇಲ್ಲಾಂದ್ರೆ ಬಾಲ್ ಜಾಯಿಂಟು. ಬಿಚ್ಚಿ ನೋಡ್ಲಾ?" ಎಂದ. ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದು ಬಂದುಬಿಟ್ಟೆ. ಏನು ಹೇಳಲಿ?

ನಿನ್ನ,
ತಂಗಿ


ಮಾರ್ಚ್ ೨೬

ತಂಗೀ,

ಪಂಕ್ಚರ್ ಹಾಕುವವನ ಕೈಗೆ ನನ್ನ ಬಾಲ್ ಜಾಯಿಂಟ್ ಕೊಡುತ್ತೀಯಾ? ಅವನು ಅದರಲ್ಲಿ ಮೂಗು ತೂರಿಸುವುದು ಬೇಡ. ಚಕ್ರವನ್ನು ಕಾರಿನಡಿಯ ಕಬ್ಬಿಣದ ತೋಳಿಗೆ ಹಿಡಿದಿಡುವ ಗುಂಡು ಕೀಲು ಅದು. ಇಡೀ ಕಾರು ಅದರ ಮೇಲೆ ನಿಂತಿರುತ್ತದೆ. ಅದು ಕಳಚಿದರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಗೊತ್ತಿಲ್ಲದವರು ಕೈಹಾಕಿದರೆ ಕೆಟ್ಟಿಲ್ಲದ್ದೂ ಕೆಡುತ್ತದೆ.

ನಾನು ಹೇಗೆ ಯೋಚಿಸುತ್ತಿದ್ದೇನೆಂದು ಹೇಳುತ್ತೇನೆ, ನಿನಗೂ ಧೈರ್ಯ ಬರುತ್ತದೆ. ಕೆಲಸ ಮುಗಿದ ದಿನವೇ ಇರುವ ಸದ್ದು ಮೆಕ್ಯಾನಿಕ್‌ನ ತಪ್ಪು. ಆಮೇಲೆ ಹುಟ್ಟಿದ ಸದ್ದು ರಸ್ತೆಯ ತಪ್ಪು. ಅವತ್ತು ನಿನ್ನನ್ನು ಕೂರಿಸಿಕೊಂಡು ನಮ್ಮ ಬೀದಿಯ ಮೂರು ಸುತ್ತು ಹಾಕಿದೆ. ಹಂಪ್ ಹತ್ತಿಸಿದೆ, ಇಳಿಸಿದೆ. "ಏನಾದ್ರೂ ಕೇಳಿಸ್ತಾ?" ಎಂದು ಕೇಳಿದೆ. ಇಲ್ಲ ಎಂದು ನೀನೇ ತಲೆಯಾಡಿಸಿದೆ. ಅಂದಮೇಲೆ ಇದು ನಿನ್ನ ಗುಡ್ಡದ ರಸ್ತೆ ಕೊಟ್ಟ ಸದ್ದು. ಲೊಟಲೊಟ ಅನ್ನದಿದ್ದರೂ ಲಿಂಕ್ ರಾಡೇ ಹೋಗಿದೆ. ಅದನ್ನು ಪಂಕ್ಚರಿನವನೂ ಹಾಕಬಲ್ಲ. ಎರಡು ನಟ್ಟು, ಅಷ್ಟೆ. ಪಾರ್ಸೆಲ್‌ನಲ್ಲಿ ಹೊಸದೊಂದು ಕಳಿಸಿದ್ದೇನೆ.

ಒಂದು ಮಾತು ಮಾತ್ರ ಸರಿಯಾಗಿ ನೆನಪು ಮಾಡಿಕೊಂಡು ಬರೆ. ಮೊಟ್ಟಮೊದಲು ಅದನ್ನು ಯಾವ ದಿನ ಕೇಳಿಸಿಕೊಂಡೆ? ಎಲ್ಲಿ? ಹೋಗುವಾಗ ದಾರಿಯಲ್ಲೋ, ಅಲ್ಲಿ ಸೇರಿದ ಮೇಲೋ? ಇದು ಸುಮ್ಮನೆ ಕೇಳುತ್ತಿರುವುದು. ಗಾಬರಿಯಾಗಬೇಡ. ಆದರೆ ಬೇಗ ಬರೆ.

ಪುಟ್ಟಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸು.

ಅಣ್ಣ


ಏಪ್ರಿಲ್ ೧೧

ಅಣ್ಣ,

ನಿನ್ನ ಪಾರ್ಸೆಲ್ ಬರಲು ತಡವಾಯಿತು. ಹೋದ ವಾರ ಲಿಂಕ್ ರಾಡ್ ಹಾಕಿಸಿದೆ. ಎರಡು ದಿನ ಸದ್ದೇ ಇಲ್ಲ. ಮುದುಕಿ ಮದುವಣಗಿತ್ತಿಯ ಹಾಗೆ ಓಡಿದಳು. ಕಾರಿನಲ್ಲಿ ನಾನೂ ಪುಟ್ಟಿಯೂ ಗಂಟಲು ಹರಿಯುವ ಹಾಗೆ ಹಾಡಿದೆವು. ಮೂರನೆಯ ದಿನ ಶಾಲೆಯ ಗೇಟಿನ ಮುಂದೆ ಮತ್ತೆ ಅದೇ ಕೊಟಕ್. ಪುಟ್ಟಿ ನನ್ನ ಮುಖ ನೋಡಿದಳು.

ಈಗ ಇನ್ನೊಂದು ಸೇರಿಕೊಂಡಿದೆ. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ವಾಲುತ್ತದೆ. ಸ್ವಲ್ಪವೇ, ಆದರೆ ಕೈಗೆ ಗೊತ್ತಾಗುತ್ತದೆ. ನಾನು ಈಗ ಕಾರಿನಲ್ಲಿ ಕೂತರೆ ಬೇರೇನೂ ಯೋಚಿಸುವುದಿಲ್ಲ. ಬಸುರಿಯರು ನೋವು ಎಂದರೆ ಹ್ಞೂಂಗುಟ್ಟುತ್ತೇನೆ, ಕಿವಿ ಮಾತ್ರ ಎಡಗಡೆ ಚಕ್ರದಲ್ಲಿರುತ್ತದೆ. ನೋವಿನ ನಡುವೆ ಎಷ್ಟು ಹೊತ್ತು ಬಿಡುವಿದೆ ಎಂದು ಎಣಿಸಬೇಕಾದ ನರ್ಸು ನಾನು, ಎರಡು ಟಕ್‌ಗಳ ನಡುವಿನ ಬಿಡುವು ಎಣಿಸುತ್ತಿದ್ದೇನೆ. ನಿನ್ನೆ ಪುಟ್ಟಿಯನ್ನು ನಡೆಸಿಕೊಂಡೇ ಶಾಲೆಗೆ ಬಿಟ್ಟೆ. "ಯಾಕಮ್ಮ?" ಎಂದಳು. "ವ್ಯಾಯಾಮ" ಎಂದೆ. ಬಸುರಿಯರನ್ನು ನಡೆಸಿಕೊಂಡು ಬರಲು ಆಗುವುದಿಲ್ಲವಲ್ಲ. ಆಸ್ಪತ್ರೆಯ ವ್ಯಾನು ಇನ್ನೂ ಚಕ್ರವಿಲ್ಲದೆ ಕಟ್ಟಿಗೆಯ ಮೇಲೆ ನಿಂತಿದೆ. ಒಲ್ಲೆ ಎಂದರೆ ಅವರಿಗೆ ಬೇರೆ ದಾರಿಯಿಲ್ಲ.

ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಪಾರ್ಸೆಲ್ ತಡವಾದದ್ದಕ್ಕಲ್ಲ. ನಾಚಿಕೆಗೆ.

ಮೊಟ್ಟಮೊದಲು ಕೇಳಿಸಿದ್ದು ನಿಮ್ಮ ಬೀದಿಯಲ್ಲೇ ಅಣ್ಣ. ನೀನು ಹಂಪ್ ಇಳಿಸಿದಾಗಲೇ. ತೀರಾ ಸಣ್ಣಗೆ, ಪೆನ್ನಿನ ಮುಚ್ಚಳ ಹಾಕಿದಷ್ಟು. ಎರಡನೆಯ ಸುತ್ತಿನಲ್ಲೂ ಕೇಳಿಸಿತು. ನೀನು ನನ್ನ ಮುಖವನ್ನೇ ನೋಡುತ್ತ "ಏನಾದ್ರೂ ಕೇಳಿಸ್ತಾ?" ಅಂದೆ. ಊರಿಗೆಲ್ಲ ನೀನು ಕಿವಿ. ನಿನಗೇ ಕೇಳಿಸದ್ದು ನನಗೆ ಕೇಳಿಸಿತು ಎಂದು ಹೇಗೆ ಹೇಳಲಿ? ಹತ್ತು ದಿನ ರಜಾದಿನವನ್ನೂ ಬಿಡದೆ ನನ್ನ ಕಾರಿಗಾಗಿ ಕೆಲಸ ಮಾಡಿದ್ದೆ. ನಿನ್ನ ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ಅಣ್ಣನ ಕೆಲಸಕ್ಕೆ ಹೆಸರಿಟ್ಟ ಹಾಗಾಗುತ್ತದೆ ಅನಿಸಿತು. ನನಗೆ ಭ್ರಮೆ ಇರಬೇಕು ಅಂದುಕೊಂಡು ಇಲ್ಲ ಎಂದು ತಲೆಯಾಡಿಸಿದೆ.

ಬಯ್ಯಿ. ಆದರೆ ಏನು ಮಾಡಬೇಕೆಂದು ಹೇಳು.

ತಂಗಿ


ಏಪ್ರಿಲ್ ೧೬, ವರ್ಕ್‌ಶಾಪಿನಿಂದ

ತಂಗೀ,

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಕೈಗೆ ಬಂತು. ಗುಮಾಸ್ತರು ನಿನ್ನ ಮನೆಗೆ ಮೂರು ಸಲ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಆಸ್ಪತ್ರೆಗೆ ಮಾಡಿದರು. ಮೇಲಿನ ಮನೆಗೆ ಹೋಗಿದ್ದಾಳೆ, ಕರೆದುಕೊಂಡು ಹೊರಟಿರಬೇಕು ಅಂದರಂತೆ. ಅದನ್ನು ಗುಮಾಸ್ತರು ಚೀಟಿಯಲ್ಲಿ ಬರೆದು ತೋರಿಸಿದರು. ಕಾರು ನಿಲ್ಲಿಸಿ, ನಿಲ್ಲಿಸಿ ಎಂದು ನಾನು ಅವರ ಕೈಹಿಡಿದು ಕೂಗಿದೆನಂತೆ. ಆಸ್ಪತ್ರೆಯ ಡಾಕ್ಟರಮ್ಮ ಏನಾದರೂ ಮಾಡುತ್ತೇನೆ ಎಂದು ಇಟ್ಟರಂತೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಯಾವುದಕ್ಕೂ ಉಪಯೋಗವಿಲ್ಲವೆಂದು ಗೊತ್ತು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ಕಿವಿ ಕೇಳುವುದಿಲ್ಲ.

ಎಡಗಿವಿ ಯಾವತ್ತೋ ಹೋಗಿತ್ತು. ಬಲಗಿವಿ ಹೋಗಿ ಎಂಟು ತಿಂಗಳು. ಒಂದು ಬೆಳಗ್ಗೆ ನಲ್ಲಿ ತಿರುಗಿಸಿದೆ, ನೀರು ಬೀಳುವುದು ಕಾಣುತ್ತಿತ್ತು, ಸದ್ದು ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಇಲ್ಲಿ ನನಗೆ ಕೆಲಸವೇನು? ಬಾಯಿ ನೋಡಿ ಮಾತು ತಿಳಿದುಕೊಳ್ಳುವುದು ಕಲಿತೆ. ಸುತ್ತಿಗೆಯ ಮರದ ಹಿಡಿಯನ್ನು ಕಾರಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಂಜಿನ್ನಿನ ಅದುರು ಹಿಡಿದೆ. ಅದರಿಂದ ಎಂಜಿನ್ ಸಿಗುತ್ತದೆ, ಚಕ್ರದ ಕೆಳಗಿನ ಸಣ್ಣ ಸದ್ದು ಸಿಗುವುದಿಲ್ಲ. ಆಗ ಒಂದು ಉಪಾಯ ಮಾಡಿದೆ. ಗಾಡಿಯ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತು ಹೊಡೆದು, ಏನಾದರೂ ಕೇಳಿಸ್ತಾ ಎಂದು ಕೇಳಿ, ಅವರ ಮುಖ ನೋಡುವುದು. ಅವರ ಕಿವಿಯೇ ನನ್ನ ಕಿವಿ. ನಿನ್ನನ್ನು ಕೂರಿಸಿಕೊಂಡದ್ದೂ ಅದಕ್ಕೇ.

ಈಗ ಎಡಗಡೆ ಬಾಲ್ ಜಾಯಿಂಟಿಗೆ ಬರುತ್ತೇನೆ. ನಿನ್ನ ಕಾಗದ ಓದಿದಾಗಿನಿಂದ ಅದೊಂದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅದರ ನಟ್ಟನ್ನು ಬಿಗಿ ಮಾಡಿದ ಮೇಲೆ ಅದು ತಿರುಗಿ ಕಳಚದ ಹಾಗೆ ಅಡ್ಡಕ್ಕೆ ಒಂದು ಪಿನ್ನು ತೂರಿಸಿ ಬಗ್ಗಿಸಬೇಕು. ಅವತ್ತು ಎಡಗಡೆ ನಟ್ಟನ್ನು ಬೆರಳಲ್ಲೇ ಹತ್ತಿಸಿ, ಪಿನ್ನಿಗೆ ಸ್ಟೋರಿನವನಿಗೆ ಹೇಳಿ, ಅದು ಬರುವವರೆಗೆ ಬಲಗಡೆ ಮುಗಿಸೋಣವೆಂದು ಹೋದೆ. ನಾನು ಬಗ್ಗಿ ಕೆಲಸ ಮಾಡುವಾಗ ಟೈರಿನವನು ಬಂದು ಹೆಗಲು ಮುಟ್ಟಿದ. ಏನೋ ಕೇಳಿದ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ, ತುಟಿ ಕಾಣಲಿಲ್ಲ. ನಾನು ಹ್ಞೂಂ ಎಂದು ತಲೆಯಾಡಿಸಿದೆ. ಕೇಳಿಸದಿದ್ದಾಗ ನಾನು ಮಾಡುವುದು ಅದೊಂದೇ. ಇವತ್ತು ಅವನನ್ನು ಹಿಡಿದು ಕೇಳಿದೆ. "ಎಡಗಡೆ ಆಯ್ತಾ, ಚಕ್ರ ಹಾಕಿಬಿಡ್ಲಾ?" ಎಂದು ಕೇಳಿದ್ದನಂತೆ.

ಚಕ್ರ ಹಾಕಿದ ಮೇಲೆ ಒಳಗೆ ಕಾಣುವುದಿಲ್ಲ. ಎರಡೂ ಆಗಿದೆ ಎಂದು ಅಂದುಕೊಂಡೆ. ಎಡಗಡೆ ನಟ್ಟು ಬಿಗಿಯಾಗಿರಲಿಲ್ಲ, ಪಿನ್ನೂ ಇರಲಿಲ್ಲ. ಕಾರಿನ ಭಾರ ಆ ಕೀಲನ್ನು ಅದರ ತೂತಿನಲ್ಲಿ ಒತ್ತಿ ಕಚ್ಚಿಸಿಬಿಟ್ಟಿರುತ್ತದೆ, ಅದಕ್ಕೇ ಎತ್ತಿ ಅಲ್ಲಾಡಿಸಿದರೂ ಗಟ್ಟಿಯಾಗಿತ್ತು. ಅದಕ್ಕೇ ಎರಡು ತಿಂಗಳು ತಡೆಯಿತು. ನಟ್ಟು ಮಾತ್ರ ಒಂದೊಂದು ಹಂಪಿಗೂ ಒಂದು ಕೂದಲಿನಷ್ಟು ಕೆಳಗೆ ಬರುತ್ತಿತ್ತು. ಪಂಕ್ಚರಿನವನು ಬಿಚ್ಚಿ ನೋಡುತ್ತೇನೆ ಅಂದ. ನಾನು ಬೇಡ ಅಂದೆ.

ವರ್ಕ್‌ಶಾಪ್ ಯಜಮಾನರ ಮುಂದೆ, ಎಲ್ಲರ ಮುಂದೆ ನಿಂತು ಹೇಳಿದೆ. ನನಗೆ ಕೇಳಿಸಲ್ಲ, ಫೋನ್ ಮಾಡಿಕೊಡಿ, ನನ್ನ ತಂಗಿ ಸಾಯ್ತಾಳೆ ಎಂದೆ. ಗುಮಾಸ್ತರು ಈಗ ಮತ್ತೆ ಫೋನು ಎತ್ತಿದ್ದಾರೆ. ಅವರ ತುಟಿ ಅಲ್ಲಾಡುತ್ತಿಲ್ಲ. ಅತ್ತ ಕಡೆ ಗಂಟೆ ಹೊಡೆಯುತ್ತಲೇ ಇದೆ ಅಂತ ಕಾಣುತ್ತದೆ.

ಒಂದು ಸಾಲು ಬರೆ ತಂಗೀ. ಬದುಕಿದ್ದೇನೆ ಅಂತ ಒಂದೇ ಸಾಲು.

ಅಣ್ಣ


ಏಪ್ರಿಲ್ ೧೯

ಅಣ್ಣ,

ಬದುಕಿದ್ದೇನೆ. ಪುಟ್ಟಿ ಶಾಲೆಯಲ್ಲಿದ್ದಳು. ಡಾಕ್ಟರಮ್ಮ ಅವತ್ತು ಸಂಜೆಯೇ ನಿಮ್ಮ ಗುಮಾಸ್ತರಿಗೆ ಹೇಳಿದರಂತೆ, ಆದರೂ ನನ್ನ ಕೈಬರಹ ಕಂಡರೇ ನಿನಗೆ ನಂಬಿಕೆ ಎಂದು ಬರೆಯುತ್ತಿದ್ದೇನೆ.

ಹದಿನಾರು ತಿರುವು ಇಳಿದಾಗಿತ್ತು. ಹಿಂದೆ ಬಸುರಿ, ಅವಳ ಅತ್ತೆ. ನೋವು ಜೋರಾಗಿತ್ತು, ನಾನು ಎಂದಿಗಿಂತ ಬೇಗ ಓಡಿಸುತ್ತಿದ್ದೆ. ಹದಿನೇಳನೆಯ ತಿರುವಿಗೆ ಮೊದಲು ಒಂದು ಪೆಟ್ರೋಲ್ ಬಂಕ್ ಇದೆ. ಅಲ್ಲಿನವನು ತನ್ನ ಅಂಗಿ ಬಿಚ್ಚಿ ಬೀಸುತ್ತ ರಸ್ತೆಯ ನಡುವೆ ನಿಂತಿದ್ದ. ಡಾಕ್ಟರಮ್ಮ ಬಂಕಿಗೆ ಫೋನ್ ಮಾಡಿದ್ದರು. ನನಗೆ ಅವನ ಮೇಲೆ ಸಿಟ್ಟೇ ಬಂತು, ಕುಡಿದಿದ್ದಾನೆ ಅಂದುಕೊಂಡೆ. ಹಾರ್ನ್ ಹೊಡೆದೆ. ಅವನು ಕದಲಲಿಲ್ಲ. ಬೈಯುತ್ತಲೇ ಬ್ರೇಕ್ ಒತ್ತಿ ಬಂಕಿನೊಳಕ್ಕೆ ತಿರುಗಿಸಿದೆ.

ಮೋರಿಯ ಕಲ್ಲು ದಾಟುವಾಗ ಒಂದು ಸದ್ದು ಬಂತು. ಅದನ್ನು ನಿನ್ನ ಅಕ್ಷರಮಾಲೆಯಲ್ಲಿ ಬರೆಯಲು ನನಗೆ ಬರುವುದಿಲ್ಲ. ಕಾರು ಎಡಕ್ಕೆ ಮಂಡಿಯೂರಿ ಕೂತಿತು. ಚಕ್ರ ಬಾಗಿಲ ಕೆಳಗೆ ಮಲಗಿತ್ತು. ಬಸುರಿಯ ಅತ್ತೆ ಇಳಿದು ನೋಡಿ, ರಸ್ತೆ ಕಡೆ ನೋಡಿ, ಆ ಗುಂಡಿ ಕಡೆ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಕೂರಲಿಲ್ಲ. ಹಾಲಿನ ವ್ಯಾನೊಂದು ಸಿಕ್ಕಿತು. ಅದರಲ್ಲಿ ಕ್ಯಾನುಗಳ ನಡುವೆ ಅವಳನ್ನು ಮಲಗಿಸಿಕೊಂಡು ಬಂದೆ. ಗಂಡುಮಗು, ಇಬ್ಬರೂ ಚೆನ್ನಾಗಿದ್ದಾರೆ. ಮಗುವನ್ನು ಒರೆಸಿ ಕೊಟ್ಟ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಿನ್ನ ಕಾಗದ ಇವತ್ತು ಬಂತು. ಮೂರು ಸಲ ಓದಿದೆ. ಮೊದಲ ಸಲ ನಿನ್ನನ್ನು ಸಿಗಿದುಹಾಕಬೇಕು ಅನಿಸಿತು. ನಿನ್ನ ಕಿವಿಗೆ ಅಲ್ಲ. ಕಿವಿ ಹೋಗುವುದು ಯಾರ ತಪ್ಪೂ ಅಲ್ಲ. ತಲೆಯಾಡಿಸಿದೆಯಲ್ಲ, ಅದಕ್ಕೆ. ಎರಡನೆಯ ಸಲ ಓದುವಾಗ ನಾನೂ ಅದನ್ನೇ ಮಾಡಿದ್ದೆ ಎಂದು ನೆನಪಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಬ್ಬರೂ ಸುಳ್ಳು ಹೇಳಿದೆವು. ನೀನು ಮರ್ಯಾದೆಗೆ ಹೆದರಿದೆ, ನಾನು ನಿನಗೆ ಹೆದರಿದೆ. ಒಬ್ಬನೇ ನಿನ್ನ ಕೋಣೆಯಲ್ಲಿ ಎಂಟು ತಿಂಗಳು ಸದ್ದಿಲ್ಲದೆ ಹೇಗಿದ್ದೆಯೋ. ಇಲ್ಲಿಗೆ ಬಾ. ಪುಟ್ಟಿ ನಿನಗಾಗಿ ದೊಡ್ಡದಾಗಿ ಬಾಯಿ ಬಿಟ್ಟು ಮಾತಾಡುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಾಳೆ.

ಮೂರನೆಯ ಸಲ ಓದಿದಾಗ ಮಾತ್ರ ಬೇರೆಯದೇ ಹೆದರಿಕೆ ಹುಟ್ಟಿತು. ನಾನು ನಿನ್ನ ತಂಗಿ. ನನಗೇ ಹೇಳಲು ಬಾಯಿ ಬರಲಿಲ್ಲ. ಎಂಟು ತಿಂಗಳು ಅಂದೆ. ಎಂಟು ತಿಂಗಳಲ್ಲಿ ನೀನು ಹಾಗೆ ಮುಖ ನೋಡಿ ಹೊರಗೆ ಬಿಟ್ಟದ್ದು ನನ್ನ ಕಾರು ಒಂದೇನಾ ಅಣ್ಣ?

ನಿನ್ನ,
ತಂಗಿ


ಜೂನ್ ೨

ತಂಗೀ,

ಇಷ್ಟು ದಿನ ಬರೆಯದಿದ್ದಕ್ಕೆ ಸಿಟ್ಟಾಗಬೇಡ. ನಿನ್ನ ಕೊನೆಯ ಸಾಲಿಗೆ ಉತ್ತರ ಹುಡುಕುತ್ತಿದ್ದೆ.

ನಿನ್ನದನ್ನು ಬಿಟ್ಟು ಮೂವತ್ತೆಂಟು. ಕಾಗದ ಬಂದ ದಿನವೇ ರಿಜಿಸ್ಟರ್ ತೆಗೆದು, ನನ್ನ ಸಹಿ ಇರುವ ಪುಟಗಳಿಗೆಲ್ಲ ಗುರುತು ಹಾಕಿ ಯಜಮಾನರ ಮೇಜಿನ ಮೇಲಿಟ್ಟೆ. ಅವರು ಬಯ್ದರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ, ಒಂದಕ್ಷರವೂ ಬಿಡದೆ ಅರ್ಥವಾಯಿತು. ಬಯ್ದು ಮುಗಿದ ಮೇಲೆ ಕೂತು ಒಂದು ಚೀಟಿ ಬರೆದರು. "ಎಲ್ಲ ಗಾಡಿಯೂ ವಾಪಸ್ ಬರಬೇಕು. ನೀನೇ ಬಿಚ್ಚು. ಇನ್ನೊಬ್ಬ ಕೇಳುತ್ತಾನೆ." ಅವತ್ತಿನಿಂದ ಗುಮಾಸ್ತರು ಫೋನ್ ಮಾಡುತ್ತಾರೆ, ನಾನು ಎದುರಿಗೆ ನಿಂತು ಅವರ ತುಟಿ ನೋಡುತ್ತೇನೆ. ಸಿಕ್ಕರು ಎಂದು ಅವರು ಹೆಬ್ಬೆರಳು ಎತ್ತಿದರೆ ಉಸಿರು ಬರುತ್ತದೆ.

ಒಂದೊಂದಾಗಿ ಬಂದವು. ಹೆಚ್ಚಿನವು ಸರಿಯಾಗಿಯೇ ಇದ್ದವು. ಹನ್ನೊಂದರಲ್ಲಿ ಬುಷ್ ಸಡಿಲ, ಅಷ್ಟು ಅಪಾಯವಿಲ್ಲ. ಒಂದರಲ್ಲಿ ಬ್ರೇಕಿನ ಪೈಪು ಟೈರಿಗೆ ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗಾಗಿತ್ತು. ಅದು ಬೇಕರಿಯವರ ಗಾಡಿ, ಅವರ ವಯಸ್ಸಾದ ತಾಯಿಯನ್ನು ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಅದನ್ನು ಕಂಡ ದಿನ ನನ್ನಿಂದ ಊಟ ಮಾಡಲು ಆಗಲಿಲ್ಲ.

ಪ್ರತಿಯೊಬ್ಬರನ್ನೂ ಕೇಳಿದೆ. ಅವತ್ತು ನಿಜವಾಗಿ ಏನಾದರೂ ಕೇಳಿಸಿತ್ತಾ ಎಂದು, ನೋಟ್‌ಬುಕ್ ಮುಂದಿಟ್ಟು ಬರೆಸಿಕೊಂಡೆ. ಹನ್ನೆರಡು ಜನ ಹೌದು ಎಂದು ಬರೆದರು. ಬೇಕರಿಯವರು ಬರೆದದ್ದು ಹೀಗಿದೆ: "ಕಿರ್ ಅಂತಿತ್ತು ಸ್ವಾಮಿ. ನಿಮಗೇ ಕೇಳಿಸಲಿಲ್ಲವಲ್ಲ, ಇನ್ನು ನಾನ್ಯಾವ ಲೆಕ್ಕ ಅಂತ ಸುಮ್ಮನಾದೆ." ಹೆಚ್ಚುಕಡಿಮೆ ಹನ್ನೆರಡು ಜನ ಬರೆದದ್ದೂ ಅದೇ ಮಾತು. ನನ್ನ ಹೆಸರೇ ಅವರ ಬಾಯಿ ಕಟ್ಟಿತ್ತು. ನಾನು ಅವರ ಕಿವಿ ಎರವಲು ತೆಗೆದುಕೊಂಡಿದ್ದೇನೆ ಅಂದುಕೊಂಡಿದ್ದೆ, ಅವರು ತಮ್ಮ ಕಿವಿಯನ್ನು ನನ್ನ ಮುಂದೆ ಮುಚ್ಚಿಕೊಂಡು ಕೂತಿದ್ದರು.

ಮೂವತ್ತೇಳು ಬಂದವು. ಒಂದು ಬಂದಿಲ್ಲ.

ನೀಲಿ ಬಣ್ಣದ್ದು, ನಿನ್ನದಕ್ಕಿಂತ ನಾಲ್ಕು ವರ್ಷ ಹೊಸದು. ನಿನ್ನದಕ್ಕೆ ಮಾಡಿದ ಕೆಲಸವನ್ನೇ ಅದಕ್ಕೂ ಮಾಡಿದ್ದೆ, ನಿನ್ನದಕ್ಕಿಂತ ಎರಡು ವಾರ ಮೊದಲು. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರುಗಳು. ಫೋನು ಕಟ್ಟಾಗಿದೆ. ಕೊಟ್ಟ ವಿಳಾಸಕ್ಕೆ ಹೋದೆ, ಮನೆ ಖಾಲಿ. ವರ್ಗವಾಗಿ ಹೋದರು ಎಂದು ಪಕ್ಕದ ಮನೆಯವರು ಬರೆದು ತೋರಿಸಿದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿಲ್ಲ. ಶಾಲೆಗಳಿಗೆಲ್ಲ ಕಾಗದ ಹಾಕಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ದೊಡ್ಡ ಸರ್ಕಲ್ಲಿನಲ್ಲಿ ನಿಂತು ಬರುವ ಹೋಗುವ ನೀಲಿ ಕಾರುಗಳ ಎಡಚಕ್ರ ನೋಡುತ್ತೇನೆ. ಜನ ನನ್ನನ್ನು ಹುಚ್ಚ ಅಂದುಕೊಂಡಿರಬೇಕು. ಅದು ಕೇಳಿಸುವುದಿಲ್ಲ, ಅಷ್ಟರ ಮಟ್ಟಿಗೆ ಅನುಕೂಲ.

ನೀನು ಬಾ ಎಂದು ಬರೆದೆ. ಬರುತ್ತೇನೆ, ಈ ಒಂದು ಕಾರು ಸಿಗುವವರೆಗೆ ಮಾತ್ರ ಎಲ್ಲಿಗೂ ಬರಲಾರೆ. ನಿನ್ನ ಊರಿನ ಕಡೆ ಹೊಸದಾಗಿ ಬಂದ ಮೇಷ್ಟ್ರು ದಂಪತಿ ಯಾರಾದರೂ ಇದ್ದರೆ ವಿಚಾರಿಸು. ಆಸ್ಪತ್ರೆಗೆ ಬರುವವರನ್ನೆಲ್ಲ ಕೇಳು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಸೀಟಿನಲ್ಲಿ ಅವರ ಕೂಸು ಮಲಗಿತ್ತು. ಹಂಪ್ ಇಳಿಸಿ, ಏನಾದರೂ ಕೇಳಿಸ್ತಾ ಎಂದೆ. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿದ್ದ ಗಂಡ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ. ಅವಳು ಬಾಯಿ ಮುಚ್ಚಿಕೊಂಡಳು. ಅವನು ನನ್ನ ಕಡೆ ತಿರುಗಿ ಇಲ್ಲ ಎಂದು ತಲೆಯಾಡಿಸಿದ. ವಾಪಸ್ ಬಂದು ನಾನು ರಿಜಿಸ್ಟರಿನಲ್ಲಿ ಬರೆದದ್ದು ಈಗಲೂ ನನ್ನ ಮುಂದಿದೆ. ದುಂಡಗಿನ ಅಕ್ಷರ, ಕೆಳಗೆ ನನ್ನ ಸಹಿ.

"ಓಡಿಸಿ ನೋಡಲಾಗಿದೆ. ಯಾವ ಸದ್ದೂ ಕೇಳಿಸಲಿಲ್ಲ."

ಅಣ್ಣ